ಆಫ್ರಿಕಾದ ಸಕರ್‌ಮೌತ್ ಮೀನು: ಗುರುತಿಸುವುದು ಹೇಗೆ, ಸಾಕುವುದು ಹೇಗೆ

ಅಕ್ವೇರಿಯಂ ಅಂಗಡಿಗೆ ಹೋಗಿ, ಗಾಜಿಗೆ ಬಾಯಿ ಅಂಟಿಸಿಕೊಂಡ ಯಾವ ಮೀನನ್ನಾದರೂ ತೋರಿಸಿ. ಒಂದೇ ಉತ್ತರ: "ಸಕರ್ ಸಾರ್, ಪಾಚಿ ತಿನ್ನುತ್ತೆ, ಟ್ಯಾಂಕ್ ಕ್ಲೀನ್ ಇಡುತ್ತೆ." ಹೆಚ್ಚಿನ ಸಲ ಅದು ದಕ್ಷಿಣ ಅಮೆರಿಕದ ಪ್ಲೆಕೊ. ಆದರೆ ಅಪರೂಪಕ್ಕೆ, ಆಫ್ರಿಕಾದಿಂದ ಬಂದ ಪೆಟ್ಟಿಗೆಯಲ್ಲಿ ಬೇರೆ ಮೀನುಗಳ ಜೊತೆ ಸೇರಿಕೊಂಡು, ಬೆರಳುದ್ದದ ಒಂದು ಕಂದು ಮೀನು ಬಂದುಬಿಟ್ಟಿರುತ್ತದೆ. ಅದೂ ಗಾಜಿಗೆ ಅಂಟಿಕೊಂಡಿರುತ್ತದೆ. ಅದೂ "ಸಕರ್" ಎಂದೇ ಮಾರಾಟವಾಗುತ್ತದೆ.

ನಾನು ಹಾಗೆ ನಾಲ್ಕು ತಂದೆ. ಪ್ಲೆಕೊ ಮರಿಗಳೆಂದೇ ತಿಳಿದು ಸಾಮಾನ್ಯ ಟ್ಯಾಂಕಿಗೆ ಬಿಟ್ಟೆ. ಏಪ್ರಿಲ್ ತಿಂಗಳ ಒಂದು ಸಂಜೆ ಮಳೆ ಗಾಳಿಗೆ ಕರೆಂಟ್ ಹೋಯಿತು. ಎರಡು ಗಂಟೆ ಕಳೆದ ಮೇಲೆ ಟಾರ್ಚ್ ಹಾಕಿ ನೋಡಿದರೆ ನಾಲ್ಕೂ ನೀರಿನ ಅಂಚಿಗೆ ಬಂದಿದ್ದವು. ಮೂತಿ ಅರ್ಧ ನೀರಿನ ಮೇಲೆ, ಕಿವಿರು ಪಟಪಟ ಬಡಿಯುತ್ತಿತ್ತು. ಅದೇ ಟ್ಯಾಂಕಿನಲ್ಲಿದ್ದ ಪ್ಲೆಕೊ ಮಾತ್ರ ಕಟ್ಟಿಗೆಯ ಕೆಳಗೆ ಆರಾಮವಾಗಿತ್ತು. ಬೆಳಗ್ಗೆ ಹೊತ್ತಿಗೆ ಮೂರು ಸತ್ತಿದ್ದವು. ಆಮೇಲೆ ಗೊತ್ತಾಯಿತು: ಅವು ಪ್ಲೆಕೊ ಅಲ್ಲ, ಕೈಲೋಗ್ಲಾನಿಸ್. ಹೆಸರು ಗೊತ್ತಿಲ್ಲದೆ ಮೀನು ಕೊಂದೆ ಅಂದರೆ ತಪ್ಪಲ್ಲ. ಅದಕ್ಕೇ ಈ ಬರಹದಲ್ಲಿ ಗುರುತಿಸುವ ಕೆಲಸ ಮೊದಲು, ಸಾಕುವ ಕೆಲಸ ಆಮೇಲೆ.

ಮೊದಲು, ಇವು ಯಾರು?

"ಆಫ್ರಿಕನ್ ಕ್ಯಾಟ್‌ಫಿಶ್" ಎಂದರೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಕ್ಲಾರಿಯಸ್ ಗ್ಯಾರಿಪೈನಸ್, ಭಾರತದಲ್ಲಿ ಸಾಕಣೆಗೆ ನಿಷೇಧ ಇರುವ ಆ ದೊಡ್ಡ ಹೊಟ್ಟೆಬಾಕ ಮೀನು. ನಾವು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ. ಇವು ಮೊಕೊಕಿಡೆ ಎಂಬ ಕುಟುಂಬದ ಮೀನುಗಳು. ತಲೆಕೆಳಗಾಗಿ ಈಜುವ ಸೈನೊಡಾಂಟಿಸ್ ಕೂಡ ಇದೇ ಕುಟುಂಬದ್ದು. ಅದರೊಳಗೆ ತುಟಿಗಳು ಬೆಳೆದು ದುಂಡಗಿನ ಅಂಟುತಟ್ಟೆಯಾದ ಒಂದು ಗುಂಪಿದೆ. ಅಂಗಡಿಗೆ ಬರುವ ಸಾಧ್ಯತೆ ಇರುವುದು ಅದರಲ್ಲಿ ಮೂರು: ಕೈಲೋಗ್ಲಾನಿಸ್, ಯೂಕಿಲಿಕ್ತಿಸ್, ಅಟೊಪೊಕೈಲಸ್.

ಕೈಲೋಗ್ಲಾನಿಸ್ ಎಂದರೆ ಗ್ರೀಕ್‌ನಲ್ಲಿ "ತುಟಿ-ಮೀಸೆಮೀನು" ಅಂತ. ಜರ್ಮನಿಯ ವಿಲ್ಹೆಲ್ಮ್ ಪೀಟರ್ಸ್ 1868ರಲ್ಲಿ ಕೊಟ್ಟ ಹೆಸರು. ನೈಲ್, ನೈಜರ್, ಕಾಂಗೋ, ಜಾಂಬೆಜಿ, ಲಿಂಪೋಪೊ, ಹೀಗೆ ಆಫ್ರಿಕಾದ ದೊಡ್ಡ ನದಿಗಳ ರಭಸದ ಜಾಗಗಳಲ್ಲೆಲ್ಲ ಇವು ಇವೆ. 50ಕ್ಕೂ ಹೆಚ್ಚು ಪ್ರಭೇದಗಳಿವೆ, ಹೊಸವು ಇನ್ನೂ ಸಿಗುತ್ತಲೇ ಇವೆ. ಬಹುಪಾಲು 4ರಿಂದ 8 ಸೆಂ.ಮೀ. ಒಳಗೆ. ಯೂಕಿಲಿಕ್ತಿಸ್ ಕಾಂಗೋ ಜಲಾನಯನದ್ದು, 15 ಸೆಂ.ಮೀ. ದಾಟಬಲ್ಲದು. ಅಟೊಪೊಕೈಲಸ್ ಅಂತೂ ಬಹಳ ಅಪರೂಪ.

ದಕ್ಷಿಣ ಆಫ್ರಿಕಾದಲ್ಲಿ ಇವನ್ನು ರಾಕ್ ಕ್ಯಾಟ್ಲೆಟ್ ಎನ್ನುತ್ತಾರೆ, ಅಂದರೆ ಕಲ್ಲಿನ ಪುಟ್ಟ ಮೀಸೆಮೀನು. ಹೊಳೆಯಲ್ಲಿ ನೀರಿನ ಹರಿವು ಕಡಿಮೆಯಾದರೆ ಮೊದಲು ಮಾಯವಾಗುವ ಮೀನುಗಳಲ್ಲಿ ಇವೂ ಇವೆ. ಹಾಗಾಗಿ ಹೊಳೆಯ ಆರೋಗ್ಯ ಅಳೆಯಲು ಅಲ್ಲಿನ ವಿಜ್ಞಾನಿಗಳು ಇವನ್ನೇ ನೋಡುತ್ತಾರೆ. ಸಾಕುವವರಿಗೆ ಈ ಒಂದು ಸುಳಿವೇ ಸಾಕು, ಅಲ್ವಾ?

ಹಂತ 1: ಅಂಗಡಿಯಲ್ಲಿ ಗುರುತಿಸುವುದು

ಮೀನು ಗಾಜಿಗೆ ಅಂಟಿಕೊಂಡಾಗಲೇ ಒಳ್ಳೆಯ ಅವಕಾಶ. ಮೊಬೈಲ್ ತೆಗೆಯಿರಿ. ಟಾರ್ಚನ್ನು ನೇರ ಹಿಡಿದರೆ ಗಾಜು ಮಿನುಗುತ್ತದೆ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಹೊಟ್ಟೆಯ ಕಡೆಯದ್ದು ಒಂದು ಫೋಟೊ, ಮೈಯ ಪಕ್ಕದ್ದು ಒಂದು. ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ನೋಡಿ.

ಮೊದಲು ಮೈ. ಪ್ಲೆಕೊ, ಒಟೊಸಿಂಕ್ಲಸ್ ಮುಂತಾದವು ಲೋರಿಕಾರಿಡೆ ಕುಟುಂಬದವು. ಅವುಗಳ ಮೈಮೇಲೆ ಎಲುಬಿನ ಫಲಕಗಳು ಸಾಲಾಗಿ, ಹೆಂಚು ಹೊದಿಸಿದ ಹಾಗೆ ಇರುತ್ತವೆ. ಆಫ್ರಿಕಾದ ಸಕರ್‌ಮೌತ್‌ಗೆ ಫಲಕವೂ ಇಲ್ಲ, ಹುರುಪೆಯೂ ಇಲ್ಲ. ಬರೀ ಚರ್ಮ. ಪಕ್ಕದಿಂದ ನೋಡಿದರೆ ಒದ್ದೆ ಹುಣಸೆಬೀಜದ ಹಾಗೆ ನುಣುಪು. ಈ ಒಂದು ಗುರುತಿನಲ್ಲೇ ಮುಕ್ಕಾಲು ಗೊಂದಲ ಮುಗಿಯುತ್ತದೆ.

ಎರಡನೆಯದು ಮೀಸೆ. ಪ್ಲೆಕೊಗೆ ಬಾಯಿಯ ಮೂಲೆಯಲ್ಲಿ ಒಂದು ಜೊತೆ ಮೀಸೆ ಮಾತ್ರ. ಮೊಕೊಕಿಡೆಗೆ ಮೂರು ಜೊತೆ: ಮೇಲ್ದವಡೆಯದು ಒಂದು, ಕೆಳದವಡೆಯವು ಎರಡು. ಆದರೆ ಕೈಲೋಗ್ಲಾನಿಸ್‌ನಲ್ಲಿ ಕೆಳದವಡೆಯ ಮೀಸೆಗಳು ಅಂಟುತಟ್ಟೆಯ ಜೊತೆಗೇ ಸೇರಿಹೋಗಿವೆ. ತಟ್ಟೆಯ ಕೆಳ ಅಂಚಿನಲ್ಲಿ ಸಣ್ಣ ತುದಿಗಳು ಮಾತ್ರ ಹೊರಗೆ ಇಣುಕುತ್ತವೆ. ಮೇಲಿನಿಂದ ನೋಡಿ "ಒಂದೇ ಜೊತೆ ಇದೆ" ಎಂದು ತೀರ್ಮಾನ ಮಾಡುವವರು ಬಹಳ ಜನ. ನಾನೂ ಹಾಗೇ ಮಾಡಿದ್ದೆ.

ಮೂರನೆಯದು ಬೆನ್ನಿನ ಎರಡನೇ ಈಜುರೆಕ್ಕೆ, ಬಾಲದ ಹತ್ತಿರದ ಆ ಮೆತ್ತನೆ ರೆಕ್ಕೆ. ಹೆಚ್ಚಿನ ಪ್ಲೆಕೊಗಳಲ್ಲಿ ಅದರ ಮುಂದೆ ಒಂದು ಮುಳ್ಳಿರುತ್ತದೆ. ಆಫ್ರಿಕಾದವಕ್ಕೆ ಮುಳ್ಳಿಲ್ಲ, ಬರೀ ಕೊಬ್ಬಿನ ಮಡಿಕೆ. ಕಣ್ಣನ್ನೂ ನೋಡಿ: ಬೆಳಕಿನಲ್ಲಿ ಹೆಚ್ಚಿನ ಪ್ಲೆಕೊಗಳ ಕಣ್ಣಿನ ಪಾಪೆಯೊಳಗೆ ಮೇಲಿನಿಂದ ಒಂದು ಪರದೆ ಇಳಿದು, ಪಾಪೆ ಕುದುರೆ ಲಾಳದ ಆಕಾರಕ್ಕೆ ತಿರುಗುತ್ತದೆ. ಇವುಗಳಲ್ಲಿ ಹಾಗಾಗುವುದಿಲ್ಲ.

ಇನ್ನು ಬಾಯಿ. ಇಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕೈಲೋಗ್ಲಾನಿಸ್‌ನ ತಟ್ಟೆ ಹೆಚ್ಚುಕಡಿಮೆ ದುಂಡಗೆ, ಮೇಲ್ತುಟಿಯೂ ಕೆಳತುಟಿಯೂ ಸೇರಿ ಒಂದೇ ಬಿಲ್ಲೆಯಾಗಿರುತ್ತದೆ. ಮೇಲೆ ಎರಡು ಹಲ್ಲಿನ ದಿಂಬುಗಳು. ಕೆಳಗೆ ನಡುವಿನಲ್ಲಿ ಒತ್ತೊತ್ತಾಗಿ ಕೆಲವೇ ಕೆಲವು ಬಾಗಿದ ಹಲ್ಲುಗಳು, ಪುಟ್ಟ ಬಾಚಣಿಗೆ ಇಟ್ಟಂತೆ. ಪ್ರಭೇದ ಬೇರ್ಪಡಿಸುವಾಗ ಈ ಕೆಳಹಲ್ಲುಗಳ ಎಣಿಕೆ ಮುಖ್ಯವಾಗುತ್ತದೆ. ಯೂಕಿಲಿಕ್ತಿಸ್ ಮತ್ತು ಅಟೊಪೊಕೈಲಸ್‌ಗಳಲ್ಲಿ ಕೆಳಹಲ್ಲಿನ ಸಾಲು ಅಗಲವಾಗಿ ಹರಡಿರುತ್ತದೆ, ಮೀನೂ ದಪ್ಪ.

ದಾರಿ ತಪ್ಪಿಸುವವರೂ ಇದ್ದಾರೆ. ಚೈನೀಸ್ ಆಲ್ಗೀ ಈಟರ್ ಏಷ್ಯಾದ್ದು, ಮೈಮೇಲೆ ಹುರುಪೆ ಇದೆ, ಮೀಸೆಯೇ ಇಲ್ಲ. ಡೌಮಿಯಾ, ಫ್ರಾಕ್ಟುರಾ ಎಂಬವು ಆಫ್ರಿಕಾದವೇ, ಬಾಲದ ಬುಡ ಕಡ್ಡಿಯ ಹಾಗೆ ಸಣ್ಣಗಿರುತ್ತದೆ, ಆದರೆ ಅಂಟುತಟ್ಟೆ ಇಲ್ಲ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಒಂದು ಸೋಜಿಗವಿದೆ: ಗ್ಲಿಪ್ಟೊಥೊರಾಕ್ಸ್. ಅದಕ್ಕೂ ರಭಸದ ನೀರು, ಅದಕ್ಕೂ ಕಲ್ಲಿಗೆ ಅಂಟುವ ಕೆಲಸ. ಆದರೆ ಅದು ಅಂಟುವುದು ಬಾಯಿಯಿಂದ ಅಲ್ಲ, ಎದೆಯ ಮೇಲಿನ ನೆರಿಗೆ ನೆರಿಗೆಯ ಚರ್ಮದಿಂದ. ಮೀಸೆ ನಾಲ್ಕು ಜೊತೆ, ಮೂಗಿನ ಹತ್ತಿರದ ಒಂದು ಜೊತೆ ಸೇರಿ. ಮೂಗಿನ ಮೀಸೆ ಕಂಡರೆ ಅದು ಆಫ್ರಿಕಾದ ಸಕರ್‌ಮೌತ್ ಅಲ್ಲವೇ ಅಲ್ಲ.

ಪ್ರಭೇದದ ಹೆಸರಿಗೆ ಆತುರ ಬೇಡ. ಯಾವ ನದಿಯಲ್ಲಿ ಹಿಡಿದದ್ದು ಎಂದು ತಿಳಿಯದಿದ್ದರೆ, ಫೋಟೊ ನೋಡಿ ಕೈಲೋಗ್ಲಾನಿಸ್‌ನ ಪ್ರಭೇದ ಹೇಳುವುದು ಸುಮ್ನೆ ಊಹೆ. "ಕೈಲೋಗ್ಲಾನಿಸ್, ನೈಜೀರಿಯಾದಿಂದ ಬಂದದ್ದು" ಎಂದು ಬರೆದಿಟ್ಟುಕೊಂಡರೆ ಅದೇ ಪ್ರಾಮಾಣಿಕ ಲೇಬಲ್.

ಹಂತ 2: ಕೊಳ್ಳುವ ಮುಂಚೆ ಹೊಟ್ಟೆ ನೋಡಿ

ಇವು ಬಹುತೇಕ ಹೊಳೆಯಿಂದ ಹಿಡಿದು ತಂದವು. ಹಿಡಿದಲ್ಲಿಂದ ಅಂಗಡಿಯವರೆಗೆ ಹಸಿದೇ ಬಂದಿರುತ್ತವೆ. ಗಾಜಿಗೆ ಅಂಟಿದಾಗ ಹೊಟ್ಟೆ ಒಳಕ್ಕೆ ಬಾವಿಯ ಹಾಗೆ ಕುಸಿದಿದ್ದರೆ, ಎಷ್ಟೇ ಆಸೆಯಾದರೂ ಬಿಡಿ. ಚಪ್ಪಟೆ ಇದ್ದರೆ ಪರವಾಗಿಲ್ಲ, ಉಬ್ಬಿದ್ದರೆ ಇನ್ನೂ ಒಳ್ಳೆಯದು. ಅಂಗಡಿಯವರಿಗೆ ಒಂದು ಹುಳು ಹಾಕಿ ಎಂದು ಕೇಳಿ, ತಿನ್ನುತ್ತದಾ ನೋಡಿ. ಒಂದೇ ಒಂದು ತರಬೇಡಿ. ಐದಾರು ಇದ್ದರೆ ಅವು ಧೈರ್ಯವಾಗಿ ಹೊರಗೆ ಬರುತ್ತವೆ, ಪುಟ್ಟ ಪುಟ್ಟ ಜಗಳವೂ ಹಂಚಿಹೋಗುತ್ತದೆ.

ಹಂತ 3: ಟ್ಯಾಂಕ್ ಅಲ್ಲ, ಹೊಳೆ ಕಟ್ಟಿ

ಆರು ಕೈಲೋಗ್ಲಾನಿಸ್‌ಗೆ 90 ಸೆಂ.ಮೀ. ಉದ್ದ, 45 ಅಗಲ, 40 ಎತ್ತರದ ಟ್ಯಾಂಕ್ ಸಾಕು. ಲೆಕ್ಕಕ್ಕೆ 162 ಲೀಟರ್, ಕಲ್ಲು ತುಂಬಿದ ಮೇಲೆ 130ರ ಆಸುಪಾಸು. ಎತ್ತರಕ್ಕಿಂತ ಉದ್ದ, ಅಗಲ ಮುಖ್ಯ. ಯೂಕಿಲಿಕ್ತಿಸ್ ಆದರೆ 120 ಸೆಂ.ಮೀ.ಗಿಂತ ಕಡಿಮೆ ಉದ್ದ ಬೇಡ.

ಹರಿವು ಗಂಟೆಗೆ ಟ್ಯಾಂಕಿನ 10ರಿಂದ 15 ಪಟ್ಟು ಇರಲಿ. ಅಂದರೆ ಈ ಟ್ಯಾಂಕಿಗೆ ಸುಮಾರು 1,600ರಿಂದ 2,400 ಲೀಟರ್. ಒಂದೇ ದೊಡ್ಡ ಪಂಪ್ ಬದಲು ಎರಡು ಸಣ್ಣವು ಹಾಕಿ, ಒಂದು ಕೆಟ್ಟರೆ ಇನ್ನೊಂದು ಮೀನು ಉಳಿಸುತ್ತದೆ. ನೀರು ಸುಮ್ಮನೆ ಸುತ್ತ ತಿರುಗಿದರೆ ಸಾಲದು, ಒಂದೇ ದಿಕ್ಕಿಗೆ ಹರಿಯಬೇಕು. ಅದಕ್ಕೆ ಹಳೆಯ ಒಂದು ಉಪಾಯ ಇದೆ.

ಒಂದಿಂಚಿನ ಪಿವಿಸಿ ಪೈಪ್ ಎರಡನ್ನು ಟ್ಯಾಂಕಿನ ಉದ್ದಕ್ಕೂ ತಳದಲ್ಲಿ ಮಲಗಿಸಿ. ಒಂದು ತುದಿಯಲ್ಲಿ ಎಲ್ಬೋ ಹಾಕಿ ಪೈಪನ್ನು ಮೇಲಕ್ಕೆ ತಿರುಗಿಸಿ, ಬಾಯಿಗೆ ಸ್ಪಾಂಜ್ ಸಿಕ್ಕಿಸಿ. ಇನ್ನೊಂದು ತುದಿಯಲ್ಲೂ ಹಾಗೇ ಮೇಲಕ್ಕೆ ತಿರುಗಿಸಿ, ಅದರ ಮೇಲೆ ಪಂಪ್ ಕೂರಿಸಿ. ಪಂಪ್ ಪೈಪಿನ ಮೂಲಕ ನೀರು ಎಳೆಯುತ್ತದೆ, ಮುಂದಕ್ಕೆ ಚಿಮ್ಮುತ್ತದೆ. ನೀರು ಟ್ಯಾಂಕಿನ ಉದ್ದಕ್ಕೂ ಹರಿದು ಸ್ಪಾಂಜ್ ಸೇರಿ, ಪೈಪಿನಲ್ಲಿ ಕೆಳಗಿನಿಂದ ವಾಪಸ್ಸು ಬರುತ್ತದೆ. ಅಂಟು ಬೇಡ, ಕೈಯಲ್ಲೇ ಬಿಗಿಯಾಗಿ ಸೇರಿಸಿದರೆ ಸಾಕು. ಸಣ್ಣ ಸೋರಿಕೆಯಾದರೂ ಅದು ನೀರಿನೊಳಗೇ ತಾನೆ. ಪೈಪಿನ ಮೇಲೆ ಜಲ್ಲಿ ಮುಚ್ಚಿದರೆ ಏನೂ ಕಾಣುವುದಿಲ್ಲ. ಆ ಸ್ಪಾಂಜ್ ಫಿಲ್ಟರ್ ಕೆಲಸವನ್ನೂ ಮಾಡುತ್ತದೆ. ಆದರೂ ಟ್ಯಾಂಕಿನ ಹೊರಗೆ ಇಡುವ ಕ್ಯಾನಿಸ್ಟರ್ ಫಿಲ್ಟರ್ ಒಂದಿದ್ದರೆ ನೆಮ್ಮದಿ.

ಹರಿವು ಸಾಲುತ್ತದಾ ಎಂದು ತಿಳಿಯಲು ಮೀಟರ್ ಬೇಡ. ಒಂದು ಚಿಟಿಕೆ ಫ್ಲೇಕ್ ಆಹಾರವನ್ನು ಪಂಪ್ ಮುಂದೆ ಬಿಡಿ. 90 ಸೆಂ.ಮೀ. ದಾಟಲು ಮೂರು ನಾಲ್ಕು ಸೆಕೆಂಡ್ ತೆಗೆದುಕೊಂಡರೆ ಸರಿ. ಹತ್ತು ಸೆಕೆಂಡ್ ಆದರೆ ಅದು ಕೆರೆ.

ಕಲ್ಲು ಹೊಳೆಯ ನುಣುಪು ಗುಂಡುಗಳಾಗಿರಲಿ, ಮುಷ್ಟಿ ಗಾತ್ರದಿಂದ ತೆಂಗಿನಕಾಯಿ ಗಾತ್ರದವರೆಗೆ. ಒಂದೆರಡು ಹನಿ ವಿನೆಗರ್ ಹಾಕಿ ನೋಡಿ, ನೊರೆ ಬಂದರೆ ಸುಣ್ಣದ ಕಲ್ಲು, ಬೇಡ. ದೊಡ್ಡ ಕಲ್ಲನ್ನು ಜಲ್ಲಿಯ ಮೇಲೆ ಅಲ್ಲ, ತಳಕ್ಕೇ ಮುಟ್ಟುವ ಹಾಗೆ ಇಟ್ಟು ಆಮೇಲೆ ಜಲ್ಲಿ ಸುರಿಯಿರಿ. ಕೆಲವು ಕಲ್ಲುಗಳ ಹಿಂದೆ ಹರಿವು ತಪ್ಪಿಸಿಕೊಳ್ಳುವ ಮರೆ ಇರಬೇಕು. ರಭಸ ಬೇಕು ನಿಜ, ಇಪ್ಪತ್ತನಾಲ್ಕು ಗಂಟೆಯೂ ಜೋರು ಗಾಳಿಗೆ ಮುಖ ಕೊಟ್ಟು ನಿಲ್ಲಲು ಯಾರಿಗೆ ಆಗುತ್ತೆ?

ಹಂತ 4: ಗಾಳಿ, ಗಾಳಿ, ಗಾಳಿ

ಪಿಎಚ್ 6.5ರಿಂದ 7.8ರವರೆಗೆ ಎಲ್ಲಿದ್ದರೂ ಸರಿ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಮೋನಿಯಾ, ನೈಟ್ರೈಟ್ ಸೊನ್ನೆ ಇರಬೇಕು, ನೈಟ್ರೇಟ್ ಲೀಟರಿಗೆ 20 ಮಿ.ಗ್ರಾಂ ಕೆಳಗಿರಬೇಕು. ಮೀನು ಬರುವ ಮುಂಚೆ ನಾಲ್ಕೈದು ವಾರ ಟ್ಯಾಂಕನ್ನು ಪಳಗಿಸಿ, ಅಂದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯಲು ಬಿಡಿ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ, ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಿ. ಇಷ್ಟೇ.

ಆದರೆ ನೀರಿನಲ್ಲಿ ಕರಗಿದ ಆಮ್ಲಜನಕದ ಲೆಕ್ಕ ಬೇರೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9.1 ಮಿ.ಗ್ರಾಂ ಆಮ್ಲಜನಕ ಹಿಡಿಯಬಲ್ಲದು. 25 ಡಿಗ್ರಿಗೆ 8.3. 30 ಡಿಗ್ರಿಗೆ 7.5. ನೀರು ಬಿಸಿಯಾದಂತೆ ಮೀನಿಗೆ ಆಮ್ಲಜನಕ ಜಾಸ್ತಿ ಬೇಕು, ನೀರು ಕೊಡುವುದು ಮಾತ್ರ ಕಡಿಮೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಮೇಲಿನ ಪ್ರತಿ ಅಂಕಿಯಿಂದಲೂ ಇನ್ನೊಂದು ಶೇ. 10 ಕಳೆಯಿರಿ. ಇದು ನನಗೆ ತಡವಾಗಿ ಹೊಳೆದ ಲೆಕ್ಕ. ನನ್ನ ಮೂರು ಮೀನು ಸತ್ತ ಆ ಸಂಜೆ ನೀರು 28 ಡಿಗ್ರಿ ಇತ್ತು, ಪಂಪ್ ನಿಂತಿತ್ತು.

ಹಾಗಾಗಿ 22ರಿಂದ 25 ಡಿಗ್ರಿ ಗುರಿಯಾಗಿರಲಿ. ಹೆಚ್ಚಿನ ಕಾಲ ಹೀಟರ್ ಬೇಕಾಗುವುದಿಲ್ಲ. ಪಂಪ್‌ಗಳೂ ನೀರನ್ನು ಒಂದಿಷ್ಟು ಬಿಸಿ ಮಾಡುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೇಸಿಗೆಯಲ್ಲಿ ನೀರಿನ ಮೇಲ್ಮೈಗೆ ಬೀಸುವ ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಸೆಕೆಯ ಮಂಗಳೂರಿನಲ್ಲಿ ಗಾಳಿಯೇ ಒದ್ದೆ, ಫ್ಯಾನ್ ಅಷ್ಟು ಕೆಲಸ ಮಾಡುವುದಿಲ್ಲ. ಕಲಬುರಗಿಯ ಮೇ ತಿಂಗಳಿಗೆ ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ) ಇಲ್ಲದೆ ಈ ಮೀನು ಬೇಡ ಎಂದೇ ಹೇಳುತ್ತೇನೆ.

ಪಂಪ್‌ನ ಬಾಯಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಸದಾ ಮುರಿಯುತ್ತಿರಲಿ. ಗುಳ್ಳೆಗಳಿಗಿಂತ ಆ ಅಲೆಯೇ ಹೆಚ್ಚು ಆಮ್ಲಜನಕ ಒಳಗೆ ತರುತ್ತದೆ.

ಕರೆಂಟ್ ಹೋದರೆ? ಪಂಪ್ ಒಂದನ್ನಾದರೂ ಮನೆಯ ಯುಪಿಎಸ್ ಲೈನಿಗೆ ಹಾಕಿ. ಯುಪಿಎಸ್ ಇಲ್ಲದವರು ಕರೆಂಟ್ ಹೋದ ತಕ್ಷಣ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ಎರಡೂ ಇಲ್ಲದ ದಿನ ಒಂದು ಚೊಂಬು ತೆಗೆದುಕೊಂಡು, ಟ್ಯಾಂಕಿನ ನೀರನ್ನೇ ಎತ್ತಿ ಒಂದಡಿ ಮೇಲಿನಿಂದ ಸುರಿಯುತ್ತಾ ಇರಿ. ಹದಿನೈದು ನಿಮಿಷಕ್ಕೊಮ್ಮೆ ಇಪ್ಪತ್ತು ಚೊಂಬು. ಕೈ ನೋಯುತ್ತದೆ, ಮೀನು ಬದುಕುತ್ತದೆ.

ಹಂತ 5: ಬಿಡುವುದು, ಹಿಡಿಯುವುದು

ಬಲೆ ಬಳಸಬೇಡಿ. ಬೆನ್ನಿನ ಮತ್ತು ಎದೆಯ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳಿದೆ, ಹೆದರಿದಾಗ ಅದನ್ನು ನೆಟ್ಟಗೆ ನಿಲ್ಲಿಸಿ ಬೀಗ ಹಾಕಿಕೊಳ್ಳುತ್ತವೆ. ಬಲೆಗೆ ಸಿಕ್ಕಿಕೊಂಡರೆ ದಾರ ಕತ್ತರಿಸದೆ ಬಿಡಿಸಲು ಆಗುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಹಿಡಿಯಿರಿ. ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ತುಟಿ ಹರಿಯುತ್ತದೆ. ಹಳೆಯ ಎಟಿಎಂ ಕಾರ್ಡಿನಂಥದ್ದನ್ನು ಬಾಲದ ಕಡೆಯಿಂದ ಮೆಲ್ಲಗೆ ತಳ್ಳಿದರೆ ತಾನೇ ಜಾರುತ್ತದೆ. ಕಲ್ಲಿಗೆ ಅಂಟಿದ್ದರೆ ಕಲ್ಲನ್ನೇ ಎತ್ತಿ ಡಬ್ಬಿಗೆ ಹಾಕಿ.

ಮೊದಲ ಮೂರು ವಾರ ಬೇರೆ ಟ್ಯಾಂಕಿನಲ್ಲಿರಲಿ. ಅಲ್ಲೂ ಹರಿವು ಇರಬೇಕು, ನಿಂತ ನೀರಿನ ಬಕೆಟ್ ಕ್ವಾರಂಟೈನ್ ಅಲ್ಲ. ಹುರುಪೆ ಇಲ್ಲದ ಮೀನಾದ್ದರಿಂದ ಔಷಧಿ ಚರ್ಮಕ್ಕೆ ಬೇಗ ತಾಗುತ್ತದೆ. ತಾಮ್ರ ಇರುವ ಔಷಧಿ ಬೇಡವೇ ಬೇಡ. ಬಿಳಿಚುಕ್ಕೆ ರೋಗಕ್ಕೆ ಎಲ್ಲರೂ ಮೊದಲು ಹೇಳುವುದು "ನೀರು 30 ಡಿಗ್ರಿ ಮಾಡಿ" ಎಂದು. ಈ ಮೀನಿಗೆ ಅದು ರೋಗಕ್ಕಿಂತ ಕೆಟ್ಟದ್ದು, ಯಾಕೆಂದು ಮೇಲಿನ ಲೆಕ್ಕ ನೋಡಿದರೆ ತಿಳಿಯುತ್ತದೆ. ಅರ್ಧ ಪ್ರಮಾಣದ ಔಷಧಿ, ಜಾಸ್ತಿ ದಿನ, ಜೋರು ಗಾಳಿ.

ಹಂತ 6: ಊಟ

"ಪಾಚಿ ತಿನ್ನುತ್ತೆ" ಎಂಬ ಮಾತು ಇಲ್ಲಿ ಅರ್ಧ ಸತ್ಯ. ಕೈಲೋಗ್ಲಾನಿಸ್ ಕಲ್ಲಿನ ಮೇಲಿನ ಪಾಚಿಯ ಪದರವನ್ನು ಕೆರೆಯುತ್ತದೆ ನಿಜ, ಆದರೆ ಅದರೊಳಗಿನ ಹುಳಹುಪ್ಪಟೆಯ ಮರಿಗಳೇ ಅದಕ್ಕೆ ಹೆಚ್ಚು ಇಷ್ಟ. ಹೊಟ್ಟೆ ತುಂಬಲು ಫ್ರೋಜನ್ ಬ್ಲಡ್‌ವರ್ಮ್ ಎಂಬ ಕೆಂಪು ಹುಳು, ಡಾಫ್ನಿಯಾ, ಸೈಕ್ಲಾಪ್ಸ್ ಎಂಬ ಸಣ್ಣ ನೀರಿನ ಜೀವಿಗಳು ಬೇಕು. ಲೈಟ್ ಆರಿಸಿದ ಮೇಲೆ, ಪಂಪ್ ಹತ್ತು ನಿಮಿಷ ಕಡಿಮೆ ಮಾಡಿ ಹಾಕಿ, ಇಲ್ಲದಿದ್ದರೆ ಎಲ್ಲಾ ಸ್ಪಾಂಜ್ ಪಾಲು. ಯೂಕಿಲಿಕ್ತಿಸ್‌ಗೆ ಸೊಪ್ಪಿನ ಪಾಲು ಜಾಸ್ತಿ ಇರಲಿ.

ನಾನು ಮಾಡುವ ಅಡುಗೆ ಹೀಗಿದೆ. ಮೂರು ಗ್ರಾಂ ಚೈನಾ ಗ್ರಾಸ್ ಪುಡಿಯನ್ನು 200 ಮಿ.ಲೀ. ನೀರಿನಲ್ಲಿ ಕುದಿಸುತ್ತೇನೆ. ಮಿಕ್ಸಿಯಲ್ಲಿ ಒಂದು ಹಿಡಿ ಸಿಗಡಿ, ಬಾಡಿಸಿದ ಅರ್ಧ ಹಿಡಿ ಪಾಲಕ್, ಒಂದು ಚಮಚ ಸ್ಪಿರುಲಿನಾ ರುಬ್ಬಿಟ್ಟಿರುತ್ತೇನೆ. ಉಪ್ಪು, ಅರಿಶಿನ ಏನೂ ಇಲ್ಲ. ಚೈನಾ ಗ್ರಾಸ್ ಸ್ವಲ್ಪ ಆರಿದ ಮೇಲೆ, ಗಟ್ಟಿಯಾಗುವ ಮುಂಚೆ, ಎರಡನ್ನೂ ಕಲಸಿ ಅಂಗೈ ಅಗಲದ ಚಪ್ಪಟೆ ಕಲ್ಲುಗಳ ಮೇಲೆ ತೆಳ್ಳಗೆ ಬಳಿಯುತ್ತೇನೆ, ದೋಸೆಯ ಹಾಗೆ. ಫ್ರಿಜ್‌ನಲ್ಲಿ ಗಟ್ಟಿಯಾದ ಮೇಲೆ ಕಲ್ಲನ್ನೇ ಟ್ಯಾಂಕಿಗೆ ಇಳಿಸುವುದು. ಬೆಳಗ್ಗೆ ನೋಡಿದರೆ ಹಸಿರು ಪದರದ ಮೇಲೆ ಸಣ್ಣ ಸಣ್ಣ ದುಂಡು ಗೀರುಗಳು, ಯಾರೋ ಬಾಟಲಿಯ ಮುಚ್ಚಳ ಒತ್ತಿ ತಿರುಗಿಸಿದ ಹಾಗೆ. ಉಳಿದದ್ದನ್ನು ಆಗಲೇ ತೆಗೆದುಬಿಡಿ, ನೀರು ಕೆಡುತ್ತದೆ.

ಇನ್ನೊಂದು ಪುಕ್ಕಟೆ ಉಪಾಯ: ತಾರಸಿಯ ಬಿಸಿಲಿನಲ್ಲಿ ಒಂದು ಬಕೆಟ್, ಅದರಲ್ಲಿ ಟ್ಯಾಂಕಿನಿಂದ ತೆಗೆದ ಹಳೇ ನೀರು, ನಾಲ್ಕಾರು ಕಲ್ಲು. ಎರಡು ಮೂರು ವಾರಕ್ಕೆ ಕಲ್ಲಿನ ಮೇಲೆ ಹಸಿರುಗಂದು ಪದರ ಕಟ್ಟುತ್ತದೆ. ವಾರಕ್ಕೊಂದು ಒಳಗೆ, ಒಂದು ಹೊರಗೆ. ಬಕೆಟ್ ಮೇಲೆ ಸೊಳ್ಳೆಪರದೆಯ ತುಂಡು ಬಿಗಿಯಾಗಿ ಕಟ್ಟಿ, ಡೆಂಗಿ ಕಾಲದಲ್ಲಿ ಅದು ಮರೆಯುವ ವಿಷಯ ಅಲ್ಲ.

ಜೊತೆಗಾರರು

ಹರಿವು ಮತ್ತು ತಂಪು ಎರಡನ್ನೂ ಇಷ್ಟಪಡುವವರು ಬೇಕು. ಪಶ್ಚಿಮ ಘಟ್ಟದ ಮಲಬಾರ್ ಡ್ಯಾನಿಯೊ ನನ್ನ ಮೊದಲ ಆಯ್ಕೆ. ಊರು ಬೇರೆ ಖಂಡವಾದರೂ ಸ್ವಭಾವ ಒಂದೇ. ಆಫ್ರಿಕಾದ್ದೇ ಬೇಕೆಂದರೆ ಕಾಂಗೋ ರಭಸದ ನೀರಿನ ಸ್ಟಿಯಾಟೊಕ್ರಾನಸ್ ಎಂಬ ಸಿಕ್ಲಿಡ್ ಮೀನು ಚಂದ, ಆದರೆ ಅದು ಗುಹೆ ಹಿಡಿದರೆ ಯಾರನ್ನೂ ಹತ್ತಿರ ಬಿಡುವುದಿಲ್ಲ, ಉದ್ದದ ಟ್ಯಾಂಕ್ ಬೇಕು. "ಎರಡೂ ಆಫ್ರಿಕನ್ ತಾನೆ" ಎಂದು ಮಲಾವಿ ಸರೋವರದ ಸಿಕ್ಲಿಡ್‌ಗಳ ಜೊತೆ ಹಾಕುವವರನ್ನು ಕಂಡಿದ್ದೇನೆ. ಆ ಪುಂಡರ ನಡುವೆ ಈ ಬೆರಳುದ್ದದ ಜೀವಕ್ಕೆ ಊಟವೇ ಸಿಗುವುದಿಲ್ಲ.

ಗಂಡು, ಹೆಣ್ಣು, ಮರಿ

ಮನೆಯಲ್ಲಿ ಮರಿ ಮಾಡಿಸುವುದು ಬಹಳ ಅಪರೂಪ. ಗಂಡು ಹೆಣ್ಣು ತಿಳಿಯುವುದು ಮಾತ್ರ ಕೆಲವು ಪ್ರಭೇದಗಳಲ್ಲಿ ಸುಲಭ. ದಕ್ಷಿಣ ಆಫ್ರಿಕಾದ ಕೈಲೋಗ್ಲಾನಿಸ್ ಅನೋಟೆರಸ್‌ನ ಗಂಡಿಗೆ ಬಾಲದ ರೆಕ್ಕೆ ಬಾವುಟದ ಹಾಗೆ ಉದ್ದಕ್ಕೆ ಚಾಚಿರುತ್ತದೆ. ಬೇರೆಯವುಗಳಲ್ಲಿ ಗಾಜಿಗೆ ಅಂಟಿದಾಗ ಹೊಟ್ಟೆಯ ಹಿಂಬದಿ ನೋಡಿ, ಗಂಡಿನ ಜನನಾಂಗದ ಮೊನೆ ಉದ್ದ, ಚೂಪು. ಹೆಣ್ಣಿನದು ಮೊಂಡು, ಹೊಟ್ಟೆ ಅಗಲ. ಪ್ರಯತ್ನ ಮಾಡುವವರು ಮಳೆಗಾಲವನ್ನು ನಕಲು ಮಾಡಿ: ಒಂದೆರಡು ವಾರ ಜಾಸ್ತಿ ಊಟ, ಆಮೇಲೆ ಎರಡು ಡಿಗ್ರಿ ತಂಪಾದ ನೀರಿನಿಂದ ಅರ್ಧ ಟ್ಯಾಂಕ್ ಬದಲು, ಹರಿವು ಇನ್ನೂ ಜೋರು.

ನನ್ನಲ್ಲಿ ಉಳಿದ ಆ ಒಂದು ಮೀನಿಗೆ ಆಮೇಲೆ ಐದು ಜೊತೆಗಾರರನ್ನು ತಂದೆ. ಮೊಟ್ಟೆ ಇನ್ನೂ ಕಂಡಿಲ್ಲ. ಹಳೆಯದು ರಾತ್ರಿ ಲೈಟ್ ಆರಿಸಿದ ಮೇಲೆ ಪಂಪ್‌ನ ಬಾಯಿಯ ಅಂಚಿಗೇ ಬಂದು ಅಂಟಿಕೊಳ್ಳುತ್ತದೆ, ನೀರು ಎಲ್ಲಕ್ಕಿಂತ ಜೋರಾಗಿ ಚಿಮ್ಮುವ ಜಾಗಕ್ಕೆ. ಮೀಸೆ ಹಿಂದಕ್ಕೆ ಹಾರಾಡುತ್ತಿರುತ್ತದೆ, ಮೈ ಅಲ್ಲಾಡುವುದಿಲ್ಲ.